ಕಪ್ಪು ಉಟ್ಟವಳೇ ಬದುಕಿದವಳು

ನಾನು ಸ್ಪೇನಿಗೆ ಹೋದವಳಲ್ಲ. ಅಲ್ಲಿನ ಭಾಷೆಯಲ್ಲಿ ನನಗೆ ಬರುವುದು ನಮಸ್ಕಾರ, ಧನ್ಯವಾದ ಎರಡೇ ಮಾತು. ಆದರೂ ಆ ದೇಶದಿಂದ ಬಂದ ಒಂದು ಚಿತ್ರದ ಸಲುವಾಗಿ ನಾನಿರುವ ಅಮೆರಿಕದ ರಾಲಿ ಊರಿನ ಒಂದು ಸಣ್ಣ ಮ್ಯೂಸಿಯಮ್ಮಿನವರ ಜೊತೆ ಜಗಳ ಆಡಿದೆ. ಕೊನೆಗೆ ಅದನ್ನು ಬರೆದ ಹೆಂಗಸಿನ ಜೊತೆಗೂ ಆಡಿದೆ. ಗೆದ್ದೆ ಎಂದು ಹೇಳಲಾರೆ. ಹಿಂದೆ ಸರಿಯಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ನನ್ನ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ಆಪರೇಶನ್ನಿನಲ್ಲಿ ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತೇನೆ. ನೇರಳೆ ಮತ್ತು ಗುಲಾಬಿ, ಎರಡೇ ಬಣ್ಣ. ಡಾಕ್ಟರು ಅದನ್ನು ನೋಡಿ ರೋಗ ಇದೆಯೋ ಇಲ್ಲವೋ ಹೇಳುತ್ತಾರೆ. ಒಳ್ಳೆಯ ಜೀವಕೋಶಕ್ಕೂ ಅದೇ ನೇರಳೆ ಹತ್ತುತ್ತದೆ, ಕ್ಯಾನ್ಸರಿನದಕ್ಕೂ ಅದೇ ಹತ್ತುತ್ತದೆ. ಬಣ್ಣವೊಂದನ್ನೇ ನೋಡಿ ರೋಗ ಹೇಳುವವರು ನಮ್ಮ ಲ್ಯಾಬಿನಲ್ಲಿ ಒಂದು ದಿನವೂ ಉಳಿಯುವುದಿಲ್ಲ.

ನನ್ನ ಗಂಡ ಸೇತುವೆಗಳ ಎಂಜಿನಿಯರ್ ಆಗಿದ್ದರು. ಶನಿವಾರ ಬಂತೆಂದರೆ ಯಾವುದೋ ಮೂಲೆಯ ಹಳ್ಳದ ಮೇಲಿನ ಹಳೆಯ ಸೇತುವೆ ತೋರಿಸುತ್ತೇನೆಂದು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದರು. ಕೋವಿಡ್‌ನ ಎರಡನೆಯ ಚಳಿಗಾಲದಲ್ಲಿ ಹನ್ನೊಂದು ದಿನ ಐಸಿಯುನಲ್ಲಿದ್ದು ತೀರಿಕೊಂಡರು. ಅವರಿಗೆ ನಾನು ಕೊನೆಯ ಮಾತು ಹೇಳಿದ್ದು ನರ್ಸ್ ಹಿಡಿದುಕೊಂಡಿದ್ದ ಒಂದು ಟ್ಯಾಬ್ಲೆಟ್ಟಿನಲ್ಲಿ. ಏನು ಹೇಳಿದೆನೋ ನೆನಪಿಲ್ಲ. ಸಂಪರ್ಕ ಎರಡು ಸಲ ಕಡಿದುಹೋದದ್ದು ನೆನಪಿದೆ.

ಆಮೇಲೆ ಶನಿವಾರಗಳು ಹಾಗೇ ಉಳಿದುಬಿಟ್ಟವು. ಮಗಳು ಕಾಲೇಜಿಗೆ ವಾಪಸು ಹೋದಳು. ಒಂದು ದಿನ ಲೈಬ್ರರಿಯ ಗೋಡೆಯಲ್ಲಿ ಮ್ಯೂಸಿಯಮ್ಮಿಗೆ ಸ್ವಯಂಸೇವಕ ಗೈಡುಗಳು ಬೇಕೆಂಬ ಚೀಟಿ ನೋಡಿ ಹೆಸರು ಬರೆಸಿದೆ. ಮದುವೆಗೆ ಮುಂಚೆ ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ಮೂರು ವರ್ಷ ಡ್ರಾಯಿಂಗ್ ಕಲಿಸಿದ್ದೆ. ಅಷ್ಟೇ ನನ್ನ ಯೋಗ್ಯತೆ. ಅವರಿಗೆ ಅಷ್ಟು ಸಾಕಾಯಿತು.

ಆ ಶರತ್ಕಾಲಕ್ಕೆ ಅಲ್ಲಿಗೆ ಬಂದದ್ದು ಸ್ಪೇನಿನಲ್ಲಿ ಈಗ ಬರೆಯುತ್ತಿರುವ ಚಿತ್ರಕಾರರ ಪ್ರದರ್ಶನ. ಊರಿಂದೂರಿಗೆ ತಿರುಗುವಂಥದ್ದು, ನಮ್ಮಲ್ಲಿ ಕೆಲವು ತಿಂಗಳು ಇದ್ದು ಅಟ್ಲಾಂಟಾಕ್ಕೆ ಹೋಗುವುದಿತ್ತು. ಗೈಡುಗಳಿಗೆಲ್ಲ ಒಂದೊಂದು ಫೈಲು ಕೊಟ್ಟರು. ಪ್ರತಿ ಚಿತ್ರದಲ್ಲೂ ಯಾವುದು ಏನನ್ನು ಸೂಚಿಸುತ್ತದೆ ಎಂದು ಅದರಲ್ಲಿ ಬರೆದಿತ್ತು. ಮುರಿದ ಏಣಿ ಎಂದರೆ ಇಂಥದ್ದು, ಕಣ್ಣು ಕಟ್ಟಿದ ಕುದುರೆ ಎಂದರೆ ಇಂಥದ್ದು. ನಮ್ಮನ್ನು ನೋಡಿಕೊಳ್ಳುವ ಮೇಲ್ವಿಚಾರಕಿ ಅರವತ್ತರ ಆಸುಪಾಸಿನ ಬಿಳಿಯ ಹೆಂಗಸು. ಒಳ್ಳೆಯವಳು, ಎಲ್ಲರ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುವವಳು. "ಇಡೀ ಪ್ರದರ್ಶನದ ಜೀವ ಇರುವುದು ದ್ವಂದ್ವದಲ್ಲಿ," ಎಂದಳು. "ಬೆಳಕು-ಕತ್ತಲೆ, ಪಾಪ-ಪುಣ್ಯ, ಹುಟ್ಟು-ಸಾವು. ಜನರಿಗೆ ಅದನ್ನು ಸರಳವಾಗಿ ಕೊಡಿ."

ನನ್ನ ಪಾಲಿಗೆ ಬಂದ ಕೋಣೆಯಲ್ಲಿ ಆಳೆತ್ತರಕ್ಕಿಂತ ದೊಡ್ಡದಾದ ಒಂದು ಚಿತ್ರವಿತ್ತು. ಒಂದೇ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ತಾಗಿಸಿ ಇಬ್ಬರು ಹೆಂಗಸರು ಕೂತಿದ್ದಾರೆ. ಒಬ್ಬಳು ಅಡಿಯಿಂದ ಮುಡಿಯವರೆಗೆ ಕಪ್ಪು ಉಟ್ಟಿದ್ದಾಳೆ, ಇನ್ನೊಬ್ಬಳು ಬಿಳಿ. ಮುಖ ಇಬ್ಬರದೂ ಒಂದೇ. ಇಬ್ಬರ ನಡುವೆ ಬೆಂಚಿನ ಮೇಲೆ ಸೀಳಿದ ದಾಳಿಂಬೆ. ಕಪ್ಪಿನವಳ ಕಡೆಯ ಹೋಳು ತುಂಬಿದೆ, ಬಿಳಿಯವಳ ಕಡೆಯದು ಬರಿ ಸಿಪ್ಪೆ. ಗೋಡೆಯ ಮೇಲಿನ ಚೀಟಿ, ನನ್ನ ಫೈಲು ಎರಡೂ ಹೇಳುತ್ತಿದ್ದದ್ದು ಒಂದೇ: ಕಪ್ಪು ಸಾವು, ಬಿಳಿ ಬದುಕು. ಸಾವು ಹಣ್ಣನ್ನು ಕೂಡಿಟ್ಟುಕೊಂಡು ಕೂತಿದೆ, ಬದುಕು ಉಣಬಡಿಸಿ ಬರಿದಾಗಿದೆ.

ಮೊದಲ ಮೂರು ಶನಿವಾರ ನಾನು ಇದನ್ನೇ ಒಪ್ಪಿಸಿದೆ. ಜನ ತಲೆಯಾಡಿಸಿ ಮುಂದೆ ಹೋದರು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಬೀದಿಯಲ್ಲೇ ಮೈಸೂರಿನ ಕಡೆಯ ಗೆಳತಿಯೊಬ್ಬಳಿದ್ದಾಳೆ. ನನ್ನ ಗಂಡ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ನಮ್ಮ ಬಾಗಿಲ ಮುಂದೆ ಅಡುಗೆಯ ಡಬ್ಬಿ ಇಟ್ಟು ಬೆಲ್ ಒತ್ತಿ ದೂರ ನಿಲ್ಲುತ್ತಿದ್ದವಳು ಅವಳು. ಅವಳ ಮನೆಯಲ್ಲಿ ಪ್ರತಿ ವರ್ಷ ಗೊಂಬೆ ಕೂರಿಸುತ್ತಾರೆ. ಕರೆದಳು, ಹೋದೆ. ಇಪ್ಪತ್ತು ಇಪ್ಪತ್ತೈದು ಹೆಂಗಸರು ಸೇರಿದ್ದರು. ಹಾಡು ಮುಗಿಯಿತು, ಗೆಳತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಬಂದಳು. ನನ್ನ ಎಡಕ್ಕೆ ಕೂತವಳಿಗೆ ಹಚ್ಚಿದಳು. ಅವಳ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ನನ್ನ ಬಲಕ್ಕೆ ಕೂತವಳ ಹಣೆಗೆ ಹೋಯಿತು. ಹಿಂದೆಯೇ ಬಂದ ಇನ್ನೊಬ್ಬಳು ನನ್ನ ಕೈಗೆ ಕಡಲೆ ಸುಂಡಲಿನ ಡಬ್ಬಿ ಕೊಟ್ಟು, "ಇದ್ ಟೇಸ್ಟ್ ಮಾಡಿ ಆಂಟಿ, ತುಂಬಾ ಚೆನ್ನಾಗಿದೆ," ಎಂದಳು.

ಯಾರೂ ಏನೂ ಅನ್ನಲಿಲ್ಲ. ಅದೇ ನನಗೆ ತಡೆಯಲಾಗದ್ದು. ಅಲ್ಲಿದ್ದವರಲ್ಲಿ ಡಾಕ್ಟರುಗಳಿದ್ದರು, ದೊಡ್ಡ ದೊಡ್ಡ ಕಂಪನಿಯ ಮ್ಯಾನೇಜರುಗಳಿದ್ದರು. ಎಲ್ಲರೂ ಗೊಂಬೆಗಳ ಕಡೆ ನೋಡುತ್ತ ಕೂತರು. ನಾನೂ ಸುಂಡಲು ತಿಂದು, ಡಬ್ಬಿ ತೊಳೆದಿಟ್ಟು ಮನೆಗೆ ಬಂದೆ.

ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು. ನನ್ನ ತಾಯಿಯ ತಾಯಿ ಮದುವೆಯಾಗಿ ಆರು ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಆಮೇಲೆ ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಇಳಕಲ್ ಸೀರೆ ನೇಯ್ದಳು. ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಬಣ್ಣ ಎಲ್ಲ ಅವಳ ಬೆರಳಲ್ಲಿ ಹಾದುಹೋದವು. ಮೈಮೇಲೆ ಮಾತ್ರ ಬಣ್ಣ ಕಾಣದ ಬಿಳಿ ಸೀರೆ. ಸಣ್ಣವಳಿದ್ದಾಗ ಕೇಳಿದ್ದೆ, "ಆಯೀ, ನೀ ಯಾಕ ಇದನ್ನ ಉಡೂದಿಲ್ಲ?" ಅಂತ. "ಮುಟ್ಟಾಕ ಅಡ್ಡಿಯಿಲ್ಲವ್ವಾ, ಉಡಾಕ ಐತಿ," ಎಂದಿದ್ದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಅದಕ್ಕೇ ಆ ಸಿಟ್ಟು ಇವತ್ತಿಗೂ ನನಗಿದೆ.

ಅದೇ ಆಯಿ ನನ್ನ ಮದುವೆಗೆ ಚಂದ್ರಕಾಳಿ ಸೀರೆ ನೇಯ್ದು ಕೊಟ್ಟಳು. ಕಾಡಿಗೆಯಂಥ ಕಪ್ಪು ಒಡಲು, ಕೆಂಪು ದಡಿ, ಕೆಂಪು ಸೆರಗು. ನಮ್ಮ ಮನೆಯಲ್ಲಿ ಹೊಸ ಮದುಮಗಳು ಮೊದಲ ಸಂಕ್ರಾಂತಿಗೆ ಉಡುವುದು ಅದನ್ನೇ. ಕಪ್ಪು ಎಂದರೆ ನನಗೆ ಮೊದಲು ನೆನಪಾಗುವುದು ಎಳ್ಳು, ಬೆಲ್ಲ, ಹೊಸ ಗಂಡನ ಕಳ್ಳ ನೋಟ. ಬಿಳಿ ಎಂದರೆ ಆಯಿಯ ಬರಿ ಕೈ.

ಗೊಂಬೆ ಹಬ್ಬದ ಮರುದಿನ ಮಗಳು ಮನೆಗೆ ಬಂದಿದ್ದಳು. ನಾನು ಸೂಟ್‌ಕೇಸು ತೆರೆದು ಚಂದ್ರಕಾಳಿ ಹೊರಗೆ ತೆಗೆದೆ. ಅವಳು ಬಿಡಿಸಿ ಕಿಟಕಿಗೆ ಹಿಡಿದು ನೋಡಿದಳು.

"ಅಮ್ಮಾ, ಇದು ಸೋ ಬ್ಯೂಟಿಫುಲ್. ಯಾಕೆ ನೀನು ವೇರ್ ಮಾಡಲ್ಲ?"

ಅಲ್ಲಿ ಆದದ್ದನ್ನು ಹೇಳಿದೆ. ಅವಳಿಗೆ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು. ಕೇಳಿ ಮುಗಿಯುವಷ್ಟರಲ್ಲಿ ಅವಳ ಕಿವಿ ಕೆಂಪಾಗಿತ್ತು. "ಅಪ್ಪ ಇದ್ದಿದ್ರೆ ಆ ಪ್ಲೇಟ್ ತೊಗೊಂಡು ಅವನೇ ಹಚ್ತಿದ್ದ," ಎಂದಳು. ನಿಜ. ಹಾಗೆ ಮಾಡುವ ಮನುಷ್ಯನೇ. ನಾವಿಬ್ಬರೂ ನಕ್ಕೆವು, ಅವರಿದ್ದಿದ್ದರೆ ತಟ್ಟೆ ನನ್ನನ್ನು ದಾಟುತ್ತಲೇ ಇರಲಿಲ್ಲ ಎಂದು ಹೊಳೆದ ಮೇಲೆ ಅತ್ತೆವು. ಕೊನೆಗೆ ಅವಳೇ ದೇವರ ಮುಂದಿನ ಭರಣಿ ತಂದು, ಡೊಂಕಾಗಿ, ಬೇಕಾದ್ದಕ್ಕಿಂತ ದೊಡ್ಡದಾಗಿ ನನ್ನ ಹಣೆಗೆ ಕುಂಕುಮ ಇಟ್ಟಳು.

ಆ ಶನಿವಾರ ಚಂದ್ರಕಾಳಿ ಉಟ್ಟು, ಹಣೆಗಿಟ್ಟು ಮ್ಯೂಸಿಯಮ್ಮಿಗೆ ಹೋದೆ. ಗೈಡುಗಳಿಗೆ ಸಮವಸ್ತ್ರವಿಲ್ಲ, ಕೊರಳಲ್ಲಿ ಬ್ಯಾಡ್ಜ್ ಇದ್ದರಾಯಿತು. ಒಂಬತ್ತು ಹತ್ತು ಜನರ ಗುಂಪು. ಆ ಚಿತ್ರದ ಮುಂದೆ ನಿಂತೆ, ಬಾಯಿಪಾಠದ ಮೊದಲ ವಾಕ್ಯ ಬಾಯಿಗೆ ಬಂತು. ಅಷ್ಟರಲ್ಲಿ ನಾನು ಆ ಹೆಂಗಸರನ್ನು ಮೊದಲ ಸಲ ಸರಿಯಾಗಿ ನೋಡಿದೆ. ಲ್ಯಾಬಿನವಳಾಗಿಯೂ ಮೂರು ವಾರ ಬರಿ ಬಣ್ಣ ನೋಡಿ ವರದಿ ಒಪ್ಪಿಸಿದ್ದೆ! ಬಿಳಿಯವಳ ಮಣಿಕಟ್ಟು ಬರಿದು, ಕತ್ತು ಬಗ್ಗಿದೆ, ಕೈ ಎರಡೂ ತೊಡೆಯ ಮೇಲೆ ಸತ್ತ ಹಕ್ಕಿಯಂತೆ ಬಿದ್ದಿವೆ. ಕಪ್ಪಿನವಳ ಕೊರಳಿನ ಗುಳಿಯಲ್ಲಿ ಸಣ್ಣ ಕೆಂಪು ಇದೆ, ಬೆವರು ಇದೆ. ಅವಳ ಬರಿಗಾಲಿನ ಹಿಮ್ಮಡಿ ನೆಲದಿಂದ ಎದ್ದಿದೆ. ಇನ್ನೇನು ಎದ್ದು ಹೊರಡುವವಳ ಕಾಲು ಅದು.

"ಚೀಟಿಯಲ್ಲಿ ಕಪ್ಪು ಸಾವು ಎಂದು ಬರೆದಿದೆ," ಎಂದೆ. "ನೀವೇ ನೋಡಿ. ಇಬ್ಬರಲ್ಲಿ ಬದುಕಿರುವವಳು ಯಾರು?"

ಒಬ್ಬೊಬ್ಬರೇ ಹತ್ತಿರ ಬಂದು ಕಾಲು ನೋಡಿದರು, ಕೊರಳು ನೋಡಿದರು. ನಾನು ಆಯಿಯ ಬಿಳಿ ಸೀರೆಯ ವಿಷಯ ಹೇಳಿದೆ, ನಾನುಟ್ಟ ಸೀರೆ ತೋರಿಸಿದೆ. ಒಬ್ಬ ಮುದುಕ ಮಾತ್ರ, "ಹಾಗಾದರೆ ಈ ಚೀಟಿ ಸುಳ್ಳೇ?" ಎಂದು ಕೇಳಿ ತೃಪ್ತಿಯಿಲ್ಲದೆ ಹೋದ. ಮೇಲ್ವಿಚಾರಕಿಗೆ ದೂರು ಕೊಟ್ಟವನು ಅವನೇ ಇರಬೇಕು.

ಬುಧವಾರ ಅವಳು ಕರೆಸಿ ಕೂರಿಸಿದಳು. ಚಹಾ ಕೊಟ್ಟಳು. "ಸೀರೆ ಸುಂದರವಾಗಿತ್ತಂತೆ," ಎಂದು ಶುರು ಮಾಡಿದಳು. "ಆದರೆ ಇದು ಸ್ಪೇನಿನ ಚಿತ್ರ. ಅದರ ಸಂಕೇತಗಳು ಅಲ್ಲಿನವು. ನಿಮ್ಮ ಸಂಸ್ಕೃತಿಯನ್ನು ಅದರ ಮೇಲೆ ಹೊದಿಸಿದರೆ ಜನರಿಗೆ ಗೊಂದಲ."

"ನಾನು ಹೊದಿಸಿದ್ದಲ್ಲ," ಎಂದೆ. "ಹಿಮ್ಮಡಿ ಎತ್ತಿದ್ದು ನಮ್ಮ ಸಂಸ್ಕೃತಿ ಅಲ್ಲ, ಚಿತ್ರದಲ್ಲಿದೆ. ನಿಮ್ಮ ಫೈಲಿನಲ್ಲಿ ಆ ಹಿಮ್ಮಡಿಯ ಬಗ್ಗೆ ಒಂದು ಅಕ್ಷರವೂ ಇಲ್ಲ."

ಅವಳು ಫೈಲು ತೆರೆದು ನೋಡಿದಳು. ಇರಲಿಲ್ಲ. ಆದರೂ, "ಚೀಟಿಯ ಒಕ್ಕಣೆಯನ್ನು ಚಿತ್ರ ಬರೆದಾಕೆಯೇ ಒಪ್ಪಿ ಕಳಿಸಿದ್ದು. ಮುಂದಿನ ತಿಂಗಳು ಅವಳೇ ಇಲ್ಲಿಗೆ ಮಾತಾಡಲು ಬರುತ್ತಾಳೆ. ಅಲ್ಲಿಯವರೆಗೆ ದಯವಿಟ್ಟು ಫೈಲಿನಲ್ಲಿ ಇದ್ದದ್ದನ್ನೇ ಹೇಳಿ," ಎಂದಳು.

ಇಪ್ಪತ್ತು ವರ್ಷ ಈ ದೇಶದಲ್ಲಿ ನಾನು ಇಂಥ ಮಾತಿಗೆಲ್ಲ "ಶೂರ್, ನೋ ಪ್ರಾಬ್ಲಮ್" ಎಂದೇ ಹೇಳಿಕೊಂಡು ಬಂದವಳು. ವೀಸಾ ಇದ್ದಾಗ ಹೆದರಿಕೆಗೆ, ಆಮೇಲೆ ರೂಢಿಗೆ. ಅವತ್ತು ಆ ಮಾತು ಬಾಯಿಗೆ ಬರಲಿಲ್ಲ. "ಚೀಟಿಯಲ್ಲಿರುವುದನ್ನೂ ಹೇಳುತ್ತೇನೆ, ಕಣ್ಣಿಗೆ ಕಂಡದ್ದನ್ನೂ ಹೇಳುತ್ತೇನೆ," ಎಂದೆ. "ಬೇಡವೆಂದರೆ ಬ್ಯಾಡ್ಜ್ ತೆಗೆದುಕೊಳ್ಳಿ." ಬಿಚ್ಚಿ ಮೇಜಿನ ಮೇಲಿಟ್ಟೆ. ಅವಳು ಅದನ್ನು ನನ್ನ ಕಡೆಗೆ ತಳ್ಳಿದಳು. ಒಪ್ಪಿದೆ ಎನ್ನಲಿಲ್ಲ. ಶನಿವಾರಕ್ಕೆ ಬೇರೆ ಗೈಡುಗಳು ಸಿಗುವುದು ಕಷ್ಟವಿತ್ತು, ಅದು ನನಗೂ ಗೊತ್ತಿತ್ತು.

ಆ ಚಿತ್ರಕಾರ್ತಿ ಬಂದ ದಿನ ಸಭಾಂಗಣ ತುಂಬಿತ್ತು. ಕತ್ತರಿಸಿದ ಬಿಳಿ ಕೂದಲಿನ, ಗಟ್ಟಿ ಕೈಗಳ ಹೆಂಗಸು. ಅವಳು ಸ್ಪ್ಯಾನಿಷಿನಲ್ಲಿ ಮಾತಾಡಿದಳು, ಪಕ್ಕದಲ್ಲಿದ್ದ ಯುವತಿ ಇಂಗ್ಲಿಷಿಗೆ ತರುತ್ತಿದ್ದಳು. ನಾನು ಚಂದ್ರಕಾಳಿಯನ್ನೇ ಉಟ್ಟು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಪ್ರಶ್ನೆಗಳ ಹೊತ್ತಿಗೆ ಎದ್ದು ನಿಂತು, ಕಪ್ಪಿನವಳೇ ಬದುಕಿರುವವಳಂತೆ ನನಗೆ ಕಾಣುತ್ತದೆ, ಏಕೆಂದರೆ ಇಂಥಿಂಥ ಕಾರಣ ಎಂದು ಹೇಳಿದೆ. ಚಿತ್ರ ಬರೆದವಳು ನನ್ನ ಕಡೆ ನಿಲ್ಲುತ್ತಾಳೆಂದು ಮನಸ್ಸಿನಲ್ಲಿ ಖಾತ್ರಿಯಿತ್ತು.

ಅನುವಾದ ಮುಗಿಯುವ ಮುಂಚೆಯೇ ಅವಳು ತಲೆ ಅಲ್ಲಾಡಿಸಿದಳು. "ಇಲ್ಲ. ತಪ್ಪು."

ಮೇಲ್ವಿಚಾರಕಿ ನನ್ನತ್ತ ನೋಡದಿರಲು ಪ್ರಯತ್ನಪಡುತ್ತಿದ್ದಳು.

ಚಿತ್ರಕಾರ್ತಿ ಮುಂದುವರಿಸಿದಳು. ಅವಳದು ಒಣ ಬಯಲಿನ ಒಂದು ಹಳ್ಳಿ. ಅವಳು ಎಂಟೋ ಒಂಬತ್ತೋ ವರ್ಷದವಳಿದ್ದಾಗ ಅಪ್ಪ ಸತ್ತ. ಅಂತ್ಯಕ್ರಿಯೆಯ ಮರುದಿನ ಅಮ್ಮ ಅಂಗಳದಲ್ಲಿ ಹಂಡೆ ಇಟ್ಟು, ಕಪ್ಪು ಬಣ್ಣ ಕದಡಿ, ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಅದರಲ್ಲಿ ಕುದಿಸಿದಳು. ಈ ಹುಡುಗಿಯ ಹಳದಿ ಫ್ರಾಕನ್ನೂ ಹಾಕಿದಳು. ಹಳ್ಳಿಯ ಹೆಂಗಸರು ಸುತ್ತ ನಿಂತು ಕೋಲಿನಿಂದ ತಿರುವಲು ನೆರವಾದರು. "ಅಮ್ಮ ಸಾಯುವವರೆಗೂ ಕಪ್ಪು ಬಿಚ್ಚಲಿಲ್ಲ. ಕಪ್ಪು ಏನೆಂದು ನನಗೆ ಹೇಳಿಕೊಡಬೇಡಿ. ಅದು ಸಾವು. ನಾನು ಕಣ್ಣಾರೆ ಕುದಿಯುವುದನ್ನು ನೋಡಿದ್ದೇನೆ."

ಕೂತುಬಿಡಬಹುದಿತ್ತು. ಆ ಹಳದಿ ಫ್ರಾಕು ನನ್ನ ಕಣ್ಣ ಮುಂದೆಯೂ ಬಂದಿತ್ತು. ಆದರೆ ಆಯಿಯನ್ನು ಅಲ್ಲಿ ಬಿಟ್ಟು ಹೇಗೆ ಕೂರಲಿ? ನಿಂತೇ ಇದ್ದೆ.

"ನನ್ನ ಅಜ್ಜಿಯ ಬಣ್ಣವನ್ನೂ ಹೀಗೇ ಸುತ್ತ ನಿಂತು ಕಿತ್ತುಕೊಂಡರು," ಎಂದೆ. "ಅವಳಿಗೆ ಕೊಟ್ಟದ್ದು ಬಿಳಿ. ಐವತ್ತು ವರ್ಷ. ನಾನುಟ್ಟಿರುವ ಈ ಕಪ್ಪನ್ನು ಅವಳು ನೇಯ್ದಳು, ಉಡುವ ಹಾಗಿರಲಿಲ್ಲ. ನಾನೂ ಗಂಡ ಸತ್ತವಳೇ. ನೀವು ಏನು ನೆನೆದು ಬರೆದಿರೋ ಅದು ನಿಮ್ಮದು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಆ ಹಿಮ್ಮಡಿಯನ್ನು ಎತ್ತಿದ್ದೂ ನಿಮ್ಮ ಕೈಯೇ. ಯಾಕೆ ಎತ್ತಿದಿರಿ?"

ಯುವತಿ ಅನುವಾದ ಮಾಡಿದಳು. ಚಿತ್ರಕಾರ್ತಿ ತಿರುಗಿ, ಹಿಂದಿನ ಪರದೆಯ ಮೇಲಿದ್ದ ತನ್ನದೇ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ನನಗೆ ಗೊತ್ತಿಲ್ಲ," ಎಂದಳು. ಅವಳ ಮುಖ ನೋಡಿದರೆ ಸಾಕಿತ್ತು, ಅದಕ್ಕೆ ಅನುವಾದ ಬೇಕಾಗಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವಳೇ ಆ ಯುವತಿಯನ್ನು ಕರೆದುಕೊಂಡು ನನ್ನನ್ನು ಹುಡುಕಿಕೊಂಡು ಬಂದಳು. ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು, ಒಡಲಿಗೆ ಸೆರಗು ಸೇರಿಸಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದೊಂದು ಎಳೆಗೂ ಕೊಂಡಿ ಹಾಕಿ ಸೇರಿಸಿದ ಕಸುಬು ಅದು. ಅವಳಿಗೆ ಅದು ಗೊತ್ತಾಯಿತು. "ಚೀಟಿ ಬದಲಾಯಿಸುವುದಿಲ್ಲ," ಎಂದಳು, ಒರಟಾಗಿಯೇ. "ಅದು ನನ್ನ ಅಮ್ಮನದು." ನಾನೂ ಹೇಳಿದೆ, "ನಾನು ಹೇಳುವುದನ್ನೂ ಬದಲಾಯಿಸುವುದಿಲ್ಲ." ಅವಳ ಬಾಯಿಯ ಒಂದು ಮೂಲೆ ನಕ್ಕಿತು. ಕೈ ಕುಲುಕಿದಳು. ಸುಣ್ಣದಂತೆ ಒಣಗಿದ ಕೈ. ಅಷ್ಟೇ, ಮತ್ತೆ ನಾವು ಭೇಟಿಯಾಗಿಲ್ಲ.

ನನ್ನ ಮೈಸೂರಿನ ಗೆಳತಿಯೂ ಅವತ್ತು ಅಲ್ಲಿದ್ದಳು. ನಾನು ಕರೆದಿರಲಿಲ್ಲ. ಮಗಳು ಮೆಸೇಜ್ ಮಾಡಿದ್ದಳಂತೆ. ಪಾರ್ಕಿಂಗ್‌ನಲ್ಲಿ ನನ್ನ ಕಾರಿನ ಪಕ್ಕ ನಿಂತಿದ್ದಳು.

"ಆವತ್ತಿಂದು ಬೇಜಾರ್ ಮಾಡ್ಕೊಂಡಿದೀರಾ ಅಂತ ಗೊತ್ತು ಕಣ್ರೀ. ನಮ್ಮತ್ತೆ ಇಂಡಿಯಾದಿಂದ ಬಂದಿದ್ರು, ಎಲ್ಲಾರೂ ಇದ್ರು. ಸಿಚುಯೇಶನ್ ಆಕ್ವರ್ಡ್ ಆಗೋಯ್ತು. ಕೈ ಯಾಕ್ ಹಾಗೆ ಮುಂದಕ್ಕೆ ಹೋಯ್ತೋ..."

"ಕೈಗೆ ಎಲ್ಲಿ ನಿಲ್ಲಬಾರದಂತ ಗೊತ್ತಿತ್ತುರೀ," ಎಂದೆ. "ಹನ್ನೊಂದು ದಿನ ಅನ್ನ ಇಟ್ಟ ಕೈ ಅದು. ಅದಕ್ಕ ನನಗ ಹೆಚ್ಚು ಸಿಟ್ಟು."

ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಒಳ್ಳೆಯವರ ಕಣ್ಣೀರು ಒರೆಸುವ ಕೆಲಸವೂ ನನ್ನದೇ ಆಗಬೇಕೇ ಎನ್ನಿಸಿತು. ಎರಡು ತಿಂಗಳು ನಾವು ಮಾತಾಡಲಿಲ್ಲ. ಸಂಕ್ರಾಂತಿಯ ದಿನ ಮಧ್ಯಾಹ್ನ ಅವಳು ಅತ್ತೆಯನ್ನೇ ಜೊತೆಗೆ ಕರೆದುಕೊಂಡು ಎಳ್ಳು ಬೀರಲು ಬಂದಳು. ಹಿರಿಯಾಕೆಯ ಎದುರಿಗೇ ನನ್ನ ಹಣೆಗೆ ಕುಂಕುಮ ಇಟ್ಟಳು. ಅತ್ತೆ ಕಿಟಕಿಯ ಹೊರಗೆ ನೋಡಿದರು. ನೋಡಲಿ. ಎಳ್ಳುಬೆಲ್ಲ ತಿಂದೆವು.

ಬೇಸಗೆಯ ಹೊತ್ತಿಗೆ ಚಿತ್ರಗಳೆಲ್ಲ ಅಟ್ಲಾಂಟಾಕ್ಕೆ ಹೋಗಿದ್ದವು. ಹೋಗಿ ನೋಡೋಣವೇ ಎಂದು ಗೆಳತಿಯೇ ಕೇಳಿದಳು. ಆರು ಗಂಟೆಯ ದಾರಿ, ಶಾರ್ಲೆಟ್‌ವರೆಗೆ ಅವಳು ಡ್ರೈವ್ ಮಾಡಿದಳು, ಅಲ್ಲಿಂದ ನಾನು. ಚಪಾತಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆ. ದಾರಿಯಲ್ಲಿ ಎಷ್ಟೋ ಸೇತುವೆ ದಾಟಿದೆವು. ಅವಕ್ಕೆ ಇರುವ ಕಂಬಗಳ ಲೆಕ್ಕ ಹೇಳುವವರು ಹಿಂದಿನ ಸೀಟಿನಲ್ಲಿ ಕೂತಿದ್ದಾರೆ ಎಂಬಂತೆ ನಾನು ಒಂದೆರಡು ಸಲ ಕನ್ನಡಿ ನೋಡಿದೆ.

ಅಲ್ಲಿನ ಗ್ಯಾಲರಿ ನಮ್ಮದಕ್ಕಿಂತ ದೊಡ್ಡದು. ಹದಿನೈದು ಜನರ ಗುಂಪಿನಲ್ಲಿ ನಾವೂ ಸೇರಿಕೊಂಡೆವು. ಗೈಡ್ ಇಪ್ಪತ್ತೈದು ದಾಟಿದ, ಕಟ್ಟುನಿಟ್ಟಾದ ತರುಣ. ಆ ಚಿತ್ರದ ಮುಂದೆ ನಿಂತು, "ಕಪ್ಪು ಸಾವು, ಬಿಳಿ ಬದುಕು," ಎಂದ. ಗೆಳತಿ ನನ್ನ ಮೊಣಕೈ ತಿವಿದಳು. "ಹೇಳ್ರೀ," ಎಂದಳು. ನಾನು ಕೈ ಎತ್ತಿದೆ.

"ಪ್ರಶ್ನೆಗಳು ಕೊನೆಗೆ, ಮ್ಯಾಮ್."

"ಪ್ರಶ್ನೆ ಅಲ್ಲ," ಎಂದು ಹೇಳಿ, ಅವನ ಒಪ್ಪಿಗೆಗೆ ಕಾಯದೆ ಹೇಳಿದೆ. ಕುದಿಯುವ ಹಂಡೆ, ಹಳದಿ ಫ್ರಾಕು, ಚೀಟಿ ಯಾರದೆಂಬುದು. ಆಮೇಲೆ ಆಯಿ, ಕುಣಿಮಗ್ಗ, ಬಿಳಿ ಸೀರೆ. ಎರಡನ್ನೂ ಪೂರ್ತಿ ಹೇಳಿದೆ. ಕೊನೆಗೆ ಆ ಹಿಮ್ಮಡಿ ತೋರಿಸಿದೆ.

ಗುಂಪಿನಲ್ಲಿ ಊರುಗೋಲು ಹಿಡಿದ ಕಪ್ಪು ಜನಾಂಗದ ವಯಸ್ಸಾದ ಹೆಂಗಸೊಬ್ಬರಿದ್ದರು. ಅವರು ಮುಂದೆ ಬಂದು ಚಿತ್ರದ ಬಿಳಿಯವಳ ಎದುರು ನಿಂತರು. "ನಮ್ಮ ಚರ್ಚಿನಲ್ಲಿ ಹಿರಿಯ ಹೆಂಗಸರು ಬಿಳಿ ಉಡುತ್ತಾರೆ," ಎಂದರು. "ನನ್ನ ತಾಯಿ ಉಟ್ಟಿದ್ದಳು, ಈಗ ನಾನು ಉಡುತ್ತೇನೆ. ಬಿಳಿ ಉಟ್ಟು ನಾವು ಮೊದಲ ಸಾಲಿನಲ್ಲಿ ಕೂರುತ್ತೇವೆ. ಯಾರೂ ನಮ್ಮನ್ನು ಎಬ್ಬಿಸಲು ಬರುವುದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಅಜ್ಜಿ ನಮ್ಮಲ್ಲಿಗೆ ಬಂದಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ," ಎಂದರು.

ನಾನು ಕೈ ಮುಗಿದೆ. ಗೆಳತಿ ಪರ್ಸಿನಲ್ಲಿ ಟಿಶ್ಯೂ ಹುಡುಕುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ, ತಮ್ಮ ಊರಿನಲ್ಲಿ ಹಸಿರು ಬಣ್ಣದ ವಿಷಯಕ್ಕೆ ಹೀಗೇ ಒಂದು ಕತೆ ಇದೆ ಎಂದು ಶುರು ಮಾಡಿದರು. ಗೈಡ್ ಗಡಿಯಾರ ನೋಡಿಕೊಂಡು, ಮುಂದಿನ ಚಿತ್ರಕ್ಕೆ ಹೋಗೋಣವೆಂದು ಕರೆದ. ಮತ್ತೊಮ್ಮೆ ಕರೆದ. ಯಾರೂ ಕದಲಲಿಲ್ಲ.